ಕಾರ್ಯಾನುಭವದ ತಾಸಿನಲ್ಲಿ ಶುಭಾಶಯ ಪತ್ರ ಮತ್ತು ಅಂಟುವಹಿ

ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪತ್ರಲೇಖನವನ್ನು ಶ್ರದ್ಧೆಯಿಂದಲೇ ಕಲಿಸಲಾಗುತ್ತದೆ. ವಿದ್ಯಾರ್ಥಿಯು ಗೆಳೆಯನಿಗೆ, ತಂದೆಗೆ, ಮುಖ್ಯಾಧ್ಯಾಪಕರಿಗೆ ಪತ್ರ ಬರೆಯುತ್ತಾನೆ. ದಿನಾಂಕ, ಸಂಬೋಧನೆ, ಒಕ್ಕಣೆ, ಕೊನೆಯ ವಂದನೆ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ಆದರೆ ಆ ಪತ್ರವು ಯಾರಿಗೂ ತಲುಪುವುದಿಲ್ಲ. ಅದನ್ನು ಓದುವವರು ಅಂಕ ಹಾಕುವ ಶಿಕ್ಷಕರೊಬ್ಬರೇ. ಶಾಲೆಯ ಹೊರಗೆ ಬಸ್ಸಿನ ಫಲಕ, ಅಂಗಡಿಯ ಬೋರ್ಡು, ತಹಸೀಲ ಕಚೇರಿಯ ಅರ್ಜಿ ಇವೆಲ್ಲ ಮರಾಠಿಯಲ್ಲಿರುತ್ತವೆ. ಔಷಧದ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ದಿನವಿಡೀ ಕನ್ನಡವಾಡುವ ಮಗುವಿಗೆ ಕನ್ನಡದಲ್ಲಿ ಬರೆಯುವ ಅಗತ್ಯವು ಪಾಠಪುಸ್ತಕದ ಆಚೆಗೆ ಒದಗುವುದು ಅಪರೂಪ. ಓದುವವರಿಲ್ಲದ ಬರವಣಿಗೆಯನ್ನು ಮಗು ಬಹುಕಾಲ ನಂಬುವುದಿಲ್ಲ.

ಕೈಯಿಂದ ಶುಭಾಶಯ ಪತ್ರ ಮಾಡುವುದು, ಚಿತ್ರ ಮತ್ತು ಕಾಗದದ ತುಣುಕುಗಳನ್ನು ವಹಿಯಲ್ಲಿ ಅಂಟಿಸಿ ಜೋಡಿಸುವುದು, ಇವೆರಡನ್ನೂ ಸಾಮಾನ್ಯವಾಗಿ ಬಿಡುವಿನ ಹವ್ಯಾಸವೆಂದು ಎಣಿಸಲಾಗುತ್ತದೆ. ಕಾರ್ಯಾನುಭವದ ತಾಸಿನಲ್ಲಿ ಇವು ಈಗಾಗಲೇ ನಡೆಯುತ್ತವೆ. ವರ್ಷಕ್ಕೊಮ್ಮೆ ಬಣ್ಣದ ಕಾಗದ, ಚಮಕಿ, ಹೂವಿನ ಚಿತ್ರ; ಪ್ರದರ್ಶನ ಮುಗಿದ ಮೇಲೆ ಕಪಾಟಿನ ಮೇಲ್ಭಾಗದಲ್ಲಿ ಧೂಳು. ಅದೇ ತಾಸನ್ನು, ಅದೇ ಕಾಗದವನ್ನು ಕನ್ನಡ ಬರವಣಿಗೆಗೆ ನಿಜವಾದ ಓದುಗರನ್ನು ಒದಗಿಸಲು ಬಳಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಇಯತ್ತೆ ಐದರಿಂದ ಏಳರವರೆಗಿನ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಳ್ಳಲಾಗಿದೆ.

ಹೆಸರಿನ ವಿಚಾರವಾಗಿ ಒಂದು ಮಾತು. ಇಂಗ್ಲಿಷಿನ ಸ್ಕ್ರ್ಯಾಪ್‌ಬುಕ್ಕಿಗೆ ಮರಾಠಿಯಲ್ಲಿ 'ಚಿಕಟವಹಿ' ಎಂಬ ಮಾತು ರೂಢಿಯಲ್ಲಿದೆ. ವಹಿ ಎಂಬುದು ಉತ್ತರ ಕರ್ನಾಟಕದ ಹಾಗೂ ಈ ಭಾಗದ ಕನ್ನಡಕ್ಕೂ ಹೊಸದಲ್ಲ. ಆದುದರಿಂದ 'ಅಂಟುವಹಿ' ಎಂದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಅಂಟಿಸುವ ವಹಿ, ಅಷ್ಟೇ.

ಅಚ್ಚಾದ ಪತ್ರ ಬಂದದ್ದು ಹೇಗೆ

ಅಂಗಡಿಯಲ್ಲಿ ಮಾರುವ ಶುಭಾಶಯ ಪತ್ರದ ಹುಟ್ಟನ್ನು ಮಕ್ಕಳಿಗೆ ಚಿಕ್ಕದಾಗಿ ಹೇಳಬಹುದು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ಪತ್ರ ಕಳುಹಿಸುವ ಅಂಚೆ ವ್ಯವಸ್ಥೆ ಬಂದಿತು. ಪತ್ರಗಳ ಸಂಖ್ಯೆ ಹೆಚ್ಚಿತು. ಆ ಸುಧಾರಣೆಯಲ್ಲಿ ಕೈಜೋಡಿಸಿದ್ದ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಕ್ರಿಸ್ಮಸ್ ವೇಳೆಗೆ ಎಲ್ಲರಿಗೂ ಕೈಯಾರೆ ಬರೆಯುವುದು ಭಾರವೆನಿಸಿ, 1843ರಲ್ಲಿ ಜಾನ್ ಕಾಲ್ಕಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ ಅಚ್ಚು ಹಾಕಿಸಿದನು. ಸುಮಾರು ಒಂದು ಸಾವಿರ ಪ್ರತಿಗಳು ಮುದ್ರಣವಾದವು. ಒಂದರ ಬೆಲೆ ಒಂದು ಶಿಲಿಂಗ್. ನಡುವೆ ಹಬ್ಬದೂಟ ಮಾಡುತ್ತಿರುವ ಕುಟುಂಬ, ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ದೃಶ್ಯ. ಕಳುಹಿಸುವವರು ಮಾಡಬೇಕಾಗಿದ್ದುದು ಹೆಸರು ತುಂಬುವ ಕೆಲಸವೊಂದೇ. ಅಂದರೆ ಅಚ್ಚಿನ ಶುಭಾಶಯ ಪತ್ರವು ಹುಟ್ಟಿದ್ದೇ ಬರವಣಿಗೆಯನ್ನು ಉಳಿಸಲು. ಶಾಲೆಯಲ್ಲಿ ಮಾಡಿಸುವ ಪತ್ರದ ಉದ್ದೇಶ ಇದಕ್ಕೆ ನೇರ ವಿರುದ್ಧವಾದುದು, ಅದು ಬರೆಯಿಸಬೇಕು.

ಯಾರಿಗೆ ಎಂಬುದು ಮೊದಲು

ಕಾಗದ ಹಂಚುವ ಮುನ್ನ ಪ್ರತಿಯೊಂದು ಮಗುವೂ ಒಂದು ಹೆಸರನ್ನು ಆರಿಸಿಕೊಳ್ಳಬೇಕು. 'ಎಲ್ಲರಿಗೂ ಹಬ್ಬದ ಶುಭಾಶಯಗಳು' ಎಂಬ ಪತ್ರ ಯಾರದ್ದೂ ಅಲ್ಲ. ವಿಜಯಪುರಕ್ಕೋ ಇಂಡಿಗೋ ಮದುವೆಯಾಗಿ ಹೋದ ಅತ್ತಿ, ಆಳಂದದಲ್ಲಿರುವ ಅಜ್ಜ, ಪುಣೆಯಲ್ಲಿ ಕೆಲಸಕ್ಕಿರುವ ಕಾಕಾ, ಹೀಗೆ ಈ ಭಾಗದ ಬಹುತೇಕ ಮನೆಗಳ ಬಂಧುಬಳಗವು ಗಡಿಯ ಎರಡೂ ಕಡೆ ಹರಡಿಕೊಂಡಿರುತ್ತದೆ. ಆಯ್ಕೆಯನ್ನು ಮಗುವಿಗೇ ಬಿಡಬೇಕು. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಅವರು ಯಾವ ಲಿಪಿಯನ್ನು ಓದಬಲ್ಲರು?

ಈ ಪ್ರಶ್ನೆಗೆ ಬರುವ ಉತ್ತರಗಳು ಶಿಕ್ಷಕರಿಗೆ ಬಹಳಷ್ಟನ್ನು ತಿಳಿಸುತ್ತವೆ. ಕೆಲವರು ಕನ್ನಡ ಮಾತ್ರ ಓದುತ್ತಾರೆ. ಕೆಲವರು ಕನ್ನಡವನ್ನು ಚೆನ್ನಾಗಿ ಮಾತನಾಡುತ್ತಾರೆ, ಆದರೆ ಮರಾಠಿ ಶಾಲೆಯಲ್ಲಿ ಕಲಿತವರಾದುದರಿಂದ ದೇವನಾಗರಿಯನ್ನಷ್ಟೇ ಓದಬಲ್ಲರು. ಓದಲು ಬಾರದ ಹಿರಿಯರೂ ಇರುತ್ತಾರೆ. ಮೊದಲನೆಯವರಿಗೆ ಕನ್ನಡದಲ್ಲಿ ಬರೆದರೆ ಸಾಕು. ಎರಡನೆಯವರಿಗೆ ಎಡಪುಟದಲ್ಲಿ ಕನ್ನಡ ಲಿಪಿ, ಬಲಪುಟದಲ್ಲಿ ಅದೇ ಕನ್ನಡ ಮಾತು ದೇವನಾಗರಿಯಲ್ಲಿ, ಹೀಗೆ ಬರೆಯಬಹುದು. ಅನುವಾದ ಬೇಡ, ಲಿಪಿ ಮಾತ್ರ ಬೇರೆ. ಎರಡು ಲಿಪಿಗಳನ್ನೂ ಬಲ್ಲ ಮಗುವಿಗೆ ಇದು ಕಷ್ಟವಲ್ಲ. ಆ ಹಿರಿಯರು ಎಡಪುಟದ ಕಡೆಗೆ ಒಮ್ಮೆ ಕಣ್ಣು ಹಾಯಿಸಿ ಅಕ್ಷರಗಳನ್ನು ಹೋಲಿಸಿ ನೋಡುವ ಸಾಧ್ಯತೆ ಇದೆ. ಓದಲು ಬಾರದವರಿಗೆ ಬರೆದ ಪತ್ರವನ್ನು ಆ ಮನೆಯಲ್ಲಿ ಬೇರೊಬ್ಬರು ಗಟ್ಟಿಯಾಗಿ ಓದಬೇಕಾಗುತ್ತದೆ. ಹಾಗಾಗಿ ಅದರ ವಾಕ್ಯಗಳು ಚಿಕ್ಕವಾಗಿ, ಕಿವಿಗೆ ಹಿಡಿಸುವಂತಿರಬೇಕು.

ಮಾತು ಯಾವುದು

'ಹಾರ್ದಿಕ ಶುಭಾಶಯಗಳು' ಎಂಬುದನ್ನು ಮಗು ಎಲ್ಲಿಂದಲೋ ನೋಡಿ ಬರೆಯುತ್ತದೆ. ಅದು ತಪ್ಪಲ್ಲ, ಆದರೆ ಯಾವ ಮನೆಯಲ್ಲಿಯೂ ಯಾರೂ ಯಾರಿಗೂ ಆಡುವ ಮಾತಲ್ಲ. ಈ ಭಾಗದ ಹಬ್ಬಗಳಿಗೆ ಅವುಗಳದ್ದೇ ಆದ ಶುಭಾಶಯಗಳಿವೆ. ದಸರೆಯಲ್ಲಿ ಬನ್ನಿ ಕೊಡುವಾಗ 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಎನ್ನುತ್ತಾರೆ. ಸಂಕ್ರಾಂತಿಯಲ್ಲಿ ಕುಸುರೆಳ್ಳು ಕೊಟ್ಟು 'ಎಳ್ಳು ಬೆಲ್ಲದಂಗ ಇರೋಣು' ಎನ್ನುತ್ತಾರೆ. ಪಕ್ಕದ ಮರಾಠಿ ಮನೆಯಲ್ಲಿ ದಸರೆಗೆ 'ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ' ಎಂದೂ ಸಂಕ್ರಾಂತಿಗೆ 'ತಿಳಗೂಳ ಘ್ಯಾ, ಗೋಡ ಗೋಡ ಬೋಲಾ' ಎಂದೂ ಹೇಳುತ್ತಾರೆ. ಇವನ್ನು ಫಲಕದ ಮೇಲೆ ಅಕ್ಕಪಕ್ಕ ಬರೆದರೆ ದಸರೆಯ ಮಾತು ಎರಡೂ ಭಾಷೆಗಳಲ್ಲಿ ಒಂದೇ ಎಂಬುದನ್ನೂ, ಸಂಕ್ರಾಂತಿಯ ಮಾತಿನಲ್ಲಿ ಸ್ವಲ್ಪ ವ್ಯತ್ಯಾಸವಿದೆ ಎಂಬುದನ್ನೂ ಮಕ್ಕಳೇ ಕಂಡುಕೊಳ್ಳುತ್ತಾರೆ. ಕನ್ನಡದ ಮಾತಿನಲ್ಲಿ 'ಇರೋಣು' ಎಂದು ಹೇಳುವವರೂ ಕೇಳುವವರೂ ಕೂಡಿಯೇ ಇದ್ದಾರೆ. ಮರಾಠಿಯದು ಎದುರಿನವರಿಗೆ ಹೇಳುವ ಮಾತು. ವ್ಯಾಕರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕುವ ಅಗತ್ಯವಿಲ್ಲ.

ಇಲ್ಲಿ ಶಿಕ್ಷಕರಿಗೆ ಒಂದು ಸಂದಿಗ್ಧ ಎದುರಾಗುತ್ತದೆ. 'ಇರೋಣು' ಎಂದು ಬರೆದದ್ದನ್ನು 'ಇರೋಣ' ಎಂದು ತಿದ್ದಬೇಕೇ? ಪತ್ರದ ಮುಖಪುಟದಲ್ಲಿಯೂ ಸಂಬೋಧನೆಯಲ್ಲಿಯೂ ತಿದ್ದಬಾರದು. ಮಗು ಅತ್ತಿ ಎಂದು ಕರೆಯುವವರನ್ನು 'ಪೂಜ್ಯ ಅತ್ತೆಯವರಿಗೆ' ಎಂದು ಬರೆಯಿಸಿದರೆ ಪತ್ರ ತಲುಪಿದ ಮನೆಯಲ್ಲಿ ಅದು ಬೇರೆ ಯಾರದೋ ಪತ್ರದಂತೆ ಕಾಣುತ್ತದೆ. ಗ್ರಂಥಭಾಷೆಗೆ ಬೇಕಾದಷ್ಟು ಸ್ಥಳ ಅಂಟುವಹಿಯ ಟಿಪ್ಪಣಿಗಳಲ್ಲಿ ಮುಂದೆ ಸಿಗುತ್ತದೆ. ಒತ್ತು, ದೀರ್ಘ ತಪ್ಪಿದ್ದರೆ ಅವನ್ನು ಕರಡಿನಲ್ಲಿಯೇ ತೋರಿಸಿಕೊಡಬೇಕು. ಕೆಂಪು ಮಸಿ ಪತ್ರವನ್ನು ಮುಟ್ಟಕೂಡದು.

ಹಬ್ಬವೊಂದೇ ನಿಮಿತ್ತವಾಗಬೇಕಿಲ್ಲ. ಈದ್ ಕಾರ್ಡು ಕಳುಹಿಸುವ ಸಂಪ್ರದಾಯ ನಮ್ಮ ದೇಶದಲ್ಲಿ ಹಳೆಯದು. ತರಗತಿಯಲ್ಲಿ ಮುಸ್ಲಿಂ ಮಕ್ಕಳಿದ್ದರೆ ಅದಕ್ಕೂ ಸಮಯ ಮೀಸಲಿಡಬೇಕು. ಹೊಸ ಮನೆಯ ವಾಸ್ತುಶಾಂತಿ, ತಂಗಿಯ ತೊಟ್ಟಿಲು, ಆಸ್ಪತ್ರೆಯಿಂದ ಮರಳಿದ ಗೆಳೆಯ, ನಿವೃತ್ತರಾಗುವ ಶಾಲೆಯ ಸೇವಕ, ಇವೆಲ್ಲವೂ ನಿಮಿತ್ತಗಳೇ.

ಅಕ್ಷರಕ್ಕೆ ಸ್ಥಳ

ಶುಭಾಶಯ ಪತ್ರದ ಹವ್ಯಾಸಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಹೆಚ್ಚಿನವು ರೋಮನ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡವು. ಆ ಅಳತೆಗಳನ್ನು ಹಾಗೆಯೇ ಅನುಸರಿಸಿದರೆ ಕನ್ನಡ ಬರಹ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ರೋಮನ್ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ದೇವನಾಗರಿ ಅಕ್ಷರಗಳು ಮೇಲಿನ ಶಿರೋರೇಖೆಯಿಂದ ತೂಗುತ್ತವೆ. ಅಲ್ಲಿ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಪಕ್ಕಪಕ್ಕದಲ್ಲಿಯೇ ಕೂಡಿಕೊಳ್ಳುತ್ತವೆ. ಕನ್ನಡ ಅಕ್ಷರ ಸಾಲಿನ ಮೇಲೆ ಕುಳಿತು, ಒತ್ತಕ್ಷರವನ್ನು ಸಾಲಿನ ಕೆಳಗೆ ಇಳಿಸುತ್ತದೆ. 'ಎಳ್ಳು ಬೆಲ್ಲ' ಎಂಬಲ್ಲಿ ಇರುವ ನಾಲ್ಕು ಅಕ್ಷರಗಳಲ್ಲಿ ಎರಡಕ್ಕೆ ಒತ್ತು ಇದೆ. ಮಗು ಮೊದಲ ಸಾಲನ್ನು ದೊಡ್ಡದಾಗಿ ಬರೆದು, ಎರಡನೆಯ ಸಾಲು ಆರಂಭಿಸುವ ಹೊತ್ತಿಗೆ ಒತ್ತುಗಳು ಆ ಸಾಲಿನ ತಲೆಕಟ್ಟಿನೊಳಗೆ ಇಳಿದಿರುತ್ತವೆ. ಅಕ್ಷರದ ಎತ್ತರ 1 ಸೆಂ.ಮೀ. ಇದ್ದರೆ ಮುಂದಿನ ಸಾಲಿಗೆ ಮುನ್ನ ಅಷ್ಟೇ, ಅಂದರೆ 1 ಸೆಂ.ಮೀ. ಜಾಗ ಬಿಡಿಸುವುದು ಕ್ಷೇಮ.

ಚೌಕುಳಿ ಕಾಗದದ ಮೇಲೆ ಕರಡು ಬರೆಯಿಸುವುದು ಇದಕ್ಕೆ ಸುಲಭ ಉಪಾಯ. ಒಂದು ಅಕ್ಷರಕ್ಕೆ ಒಂದು ಚೌಕ, ಒತ್ತಿಗೆ ಕೆಳಗಿನ ಚೌಕ, ದೀರ್ಘಕ್ಕೂ ಕೊಂಬಿಗೂ ಪಕ್ಕದಲ್ಲಿ ಅರ್ಧ ಚೌಕ. ಸೋಲಾಪುರದ ಚಾದರ ನೇಯುವ ಜಕಾರ್ಡ್ ಮಗ್ಗಕ್ಕೂ ವಿನ್ಯಾಸವನ್ನು ಮೊದಲು ಚೌಕುಳಿ ಕಾಗದದ ಮೇಲೆಯೇ ಗುರುತಿಸಿಕೊಳ್ಳುವುದು ರೂಢಿ. ಮಗ್ಗದ ಕೆಲಸದ ಮನೆಗಳಿಂದ ಬರುವ ಮಕ್ಕಳಿದ್ದರೆ ಈ ಮಾತನ್ನು ಅವರಿಂದಲೇ ಹೇಳಿಸಬೇಕು.

'ಹಾರ್ದಿಕ' ಎಂಬ ಪದವನ್ನು ಮಗು ಬರೆಯಲು ಬಯಸಿದರೆ ಅದನ್ನೂ ಪಾಠಕ್ಕೆ ಬಳಸಿಕೊಳ್ಳಬಹುದು. ದೇವನಾಗರಿಯಲ್ಲಿ ರಕಾರವು ರಫಾರವಾಗಿ ಅಕ್ಷರದ ನೆತ್ತಿಯ ಮೇಲೆ ಏರುತ್ತದೆ. ಕನ್ನಡದಲ್ಲಿ ಅದೇ ರಕಾರ ಅರ್ಕಾವೊತ್ತಾಗಿ ಅಕ್ಷರದ ಬಲಕ್ಕೆ ನಿಲ್ಲುತ್ತದೆ. ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುವ ಮಕ್ಕಳು ಈ ಒಂದು ಸ್ಥಳದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಅಭ್ಯಾಸಪುಸ್ತಕದಲ್ಲಿ ಹತ್ತು ಸಲ ಬರೆದು ನಿಲ್ಲದ ತಿಳಿವಳಿಕೆ, ದೊಡ್ಡ ಅಕ್ಷರವನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ ಅರ್ಕಾವೊತ್ತನ್ನು ಬೇರೆ ತುಣುಕಾಗಿ ಕೈಯಲ್ಲಿ ಹಿಡಿದು ಸರಿಯಾದ ಸ್ಥಳದಲ್ಲಿ ಅಂಟಿಸಿದಾಗ ನಿಲ್ಲುತ್ತದೆ.

ಕನ್ನಡ ದಿನಪತ್ರಿಕೆ ಬರುವ ಊರಿನಲ್ಲಿ ಇನ್ನೊಂದು ಬಗೆಯೂ ಸಾಧ್ಯ. ತಲೆಬರಹಗಳಿಂದ ಅಕ್ಷರಗಳನ್ನು ಕತ್ತರಿಸಿ ಪದ ಕೂಡಿಸುವುದು. 'ಸಂಕ್ರಾಂತಿ' ಎಂಬುದಕ್ಕೆ ಎಷ್ಟು ತುಣುಕು ಬೇಕೆಂದು ಮೊದಲು ಕೇಳಬೇಕು. ಆರು, ಏಳು ಎಂಬ ಉತ್ತರಗಳು ಬರುತ್ತವೆ. ಬೇಕಾದುದು ಮೂರೇ: ಸಂ, ಕ್ರಾಂ, ತಿ. 'ಕ್ರಾಂ' ಇಡಿಯಾಗಿ ಸಿಕ್ಕಿದ ಮಗುವಿನ ಸಂತೋಷವನ್ನು ನೋಡಿಯೇ ತಿಳಿಯಬೇಕು. 'ಕ್ರಾಂತಿ' ಎಂಬ ಮಾತು ಪತ್ರಿಕೆಗಳಲ್ಲಿ ಅಪರೂಪವಲ್ಲವಾದುದರಿಂದ ಹುಡುಕಾಟ ಬಹಳ ದೂರ ಹೋಗುವುದಿಲ್ಲ. ಅಕ್ಷರದ ಆಕಾರವನ್ನು ರಟ್ಟಿನಲ್ಲಿ ಕೊರೆದು ಅಚ್ಚು ಮಾಡಿ ಬಣ್ಣ ಹಚ್ಚುವುದಾದರೆ ಠ, ರ, ಸೊನ್ನೆ ಮುಂತಾದವುಗಳ ಒಳಗಿನ ಭಾಗ ಕಳಚಿ ಬೀಳುತ್ತದೆ. ಅಲ್ಲಲ್ಲಿ ಸಣ್ಣ ಕೊಂಡಿಗಳನ್ನು ಬಿಟ್ಟು ಕೊರೆಯಬೇಕು. ಈ ಕೊರೆಯುವ ಕೆಲಸವನ್ನು ಶಿಕ್ಷಕರೇ ಮಾಡುವುದು ಒಳಿತು.

ಕಾಗದ, ಮಡಿಕೆ, ಅಂಟು

ಪೇಟೆಯಿಂದ ತರಬೇಕಾದುದು ಕಾರ್ಡ್‌ಶೀಟ್ ಒಂದೇ. ಘೋಟೀವ ಕಾಗದ, ಪತಂಗದ ಕಾಗದ ಇದ್ದರೆ ಚೆಂದ, ಇಲ್ಲದಿದ್ದರೆ ಕೊರತೆಯಿಲ್ಲ. ಹಳೆಯ ಲಗ್ನಪತ್ರಿಕೆಗಳ ಗಟ್ಟಿ ಕಾಗದ, ಸಿಂಪಿಗರ ಅಂಗಡಿಯ ಬಟ್ಟೆಯ ಚಿಂದಿ, ಸೀಳಿ ಚಪ್ಪಟೆ ಮಾಡಿದ ಜೋಳದ ದಂಟಿನ ಸಿಪ್ಪೆ, ಒಣಗಿಸಿದ ಎಲೆ ಇವು ಎಲ್ಲ ಮಕ್ಕಳ ಕೈಗೂ ಎಟಕುತ್ತವೆ. ದಸರೆಯ ಪತ್ರಕ್ಕೆ ಮರಾಠಿಯಲ್ಲಿ ಆಪಟಾ ಎನ್ನುವ ಮರದ ಎಲೆ ಹೇಳಿ ಮಾಡಿಸಿದಂತಿದೆ. ಅದು ಎರಡು ಹಾಲೆಗಳ ಎಲೆ. ನಡುನರದ ಮೇಲೆ ಮಡಿಚಿದರೆ ಅದೇ ಒಂದು ಪುಟ್ಟ ಪತ್ರದಂತೆ ತೆರೆದು ಮುಚ್ಚುತ್ತದೆ. ಹಬ್ಬಕ್ಕೆ ಎರಡು ವಾರ ಮೊದಲೇ ಕೆಲವೇ ಎಲೆಗಳನ್ನು ಕಿತ್ತು ಹಳೆಯ ದಿನಪತ್ರಿಕೆಯ ನಡುವೆ ಭಾರವಿಟ್ಟು ಒಣಗಿಸಬೇಕು. ಹಬ್ಬದ ಹೆಸರಿನಲ್ಲಿ ಕೊಂಬೆ ಮುರಿಯುವ ಅಭ್ಯಾಸಕ್ಕೆ ಶಾಲೆ ನೆರವಾಗಬಾರದು.

ಅಂಗಡಿಯ ಚಮಕಿ, ಪ್ಲಾಸ್ಟಿಕ್ ಹೂವು, ಥರ್ಮೊಕೋಲ್ ಇವನ್ನು ತರಗತಿಯಿಂದ ದೂರವಿಡಬೇಕು. ಅವು ಕಸವಾಗುತ್ತವೆ ಎಂಬುದು ಒಂದು ಕಾರಣ. ಯಾರ ಮನೆಯಲ್ಲಿ ಹಣವಿದೆ, ಯಾರಲ್ಲಿ ಇಲ್ಲ ಎಂಬುದನ್ನು ಪ್ರದರ್ಶನದ ಹಲಗೆಯ ಮೇಲೆ ಅವು ಸಾರಿ ಹೇಳುತ್ತವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಗಟ್ಟಿ ಕಾಗದವನ್ನು ನೇರವಾಗಿ ಮಡಿಚಿದರೆ ಮಡಿಕೆಯ ಅಂಚು ಬಿರಿಯುತ್ತದೆ. ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಚಿದರೆ ಅಂಚು ನುಣುಪಾಗಿ ಬರುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲನೆ ಬಾಗಿಸಿ ನೋಡಿದರೆ ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಅದೇ ಮಡಿಚಬೇಕಾದ ಕಡೆ. ಮಡಿಚುವ ಮುನ್ನ ಅಳತೆಪಟ್ಟಿಯಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒಂದು ಗೆರೆಯನ್ನು ಒತ್ತಿ ಎಳೆಯಬೇಕು. ಇದಕ್ಕೆಂದು ಮಾರುವ ಉಪಕರಣಗಳಿಗಿಂತ ಇದು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಅಂಟನ್ನು ಶಾಲೆಯಲ್ಲಿಯೇ ಕಾಯಿಸಬಹುದು. ಒಂದು ಬಟ್ಟಲು ಮೈದಾವನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಐದು ಬಟ್ಟಲು ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಬಿಳಿಯ ಬಣ್ಣ ಮಾಸಿ ಗಂಜಿಯಂತಾಗುವವರೆಗೆ ಕಾಯಿಸಬೇಕು. ಆರಿದ ಮೇಲೆ ಬಳಸಬೇಕು. ಒಂದೆರಡು ದಿನಕ್ಕಿಂತ ಹೆಚ್ಚು ಇಡಲಾಗದು. ಹುಳು ಹತ್ತದಿರಲೆಂದು ಪುಸ್ತಕ ಕಟ್ಟುವವರು ಇದರಲ್ಲಿ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳ ಕೈಗೆ ಬರುವ ಅಂಟಿನಲ್ಲಿ ಎಂದಿಗೂ ಸೇರಿಸಬಾರದು. ಅಂಟನ್ನು ತೆಳುವಾಗಿ ಹಚ್ಚಬೇಕು. ನೀರಿನಂಶಕ್ಕೆ ನಾರುಗಳು ಉಬ್ಬಿ ಕಾಗದ ಸುರುಳಿಗಟ್ಟುತ್ತದೆ; ಅಂಟಿಸಿದ್ದನ್ನು ಭಾರದ ಕೆಳಗೆ ಒಂದು ರಾತ್ರಿ ಇಡಬೇಕು.

ಅಂಚೆಯ ಪೆಟ್ಟಿಗೆಯವರೆಗೆ

ಪತ್ರವನ್ನು ಕಳುಹಿಸದಿದ್ದರೆ ಇಡೀ ಕೆಲಸ ವ್ಯರ್ಥ. ಸಾಮಾನ್ಯ ಅಂಚೆಯ ಮೊದಲ ದರಕ್ಕೆ ತೂಕದ ಮಿತಿ 20 ಗ್ರಾಂ. ತಮ್ಮ ಪತ್ರ ಅದರೊಳಗೆ ಬರುತ್ತದೆಯೇ ಎಂಬುದನ್ನು ಮಕ್ಕಳು ತಕ್ಕಡಿಯಿಲ್ಲದೆ ಲೆಕ್ಕ ಹಾಕಬಲ್ಲರು. ಕಾಗದದ ಕಟ್ಟಿನ ಮೇಲೆ ಜಿಎಸ್‌ಎಂ ಎಂದು ಒಂದು ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂದು ಅದರ ಅರ್ಥ. ಎ-4 ಹಾಳೆಗಳು ಹದಿನಾರು ಸೇರಿದರೆ ಒಂದು ಚದರ ಮೀಟರ್. ಹಾಗಾದರೆ 200 ಜಿಎಸ್‌ಎಂ ಕಾರ್ಡ್‌ಶೀಟಿನ ಒಂದು ಎ-4 ಹಾಳೆ 12.5 ಗ್ರಾಂ, ಅದರ ಅರ್ಧದಿಂದ ಮಾಡಿದ ಪತ್ರ 6.25 ಗ್ರಾಂ. ಬರೆಯುವ 80 ಜಿಎಸ್‌ಎಂ ಕಾಗದದ ಇಡೀ ಎ-4 ಹಾಳೆಯಿಂದ ಲಕೋಟೆ ಮಾಡಿದರೂ 5 ಗ್ರಾಂ. ಒಟ್ಟು 11.25. ಎಲೆ, ಬಟ್ಟೆ, ಅಂಟು ಸೇರಿಸಿ ಇನ್ನೂ ಎಂಟು ಗ್ರಾಂ ಮಿಗುತ್ತದೆ. ಇಡೀ ಎ-4 ಅಳತೆಯ 300 ಜಿಎಸ್‌ಎಂ ಹಾಳೆ ಬೇಕೆಂದು ಹಟ ಹಿಡಿದವರ ಪತ್ರ ಲಕೋಟೆಯೊಡನೆ 23.75 ಗ್ರಾಂ ಆಗಿ ಮಿತಿಯನ್ನು ಮೀರುತ್ತದೆ. ಎ-4ರ ಅರ್ಧವನ್ನು ಮಡಿಚಿದ ಪತ್ರ 14.8 ಸೆಂ.ಮೀ. ಉದ್ದ, 10.5 ಸೆಂ.ಮೀ. ಅಗಲ, ಲಕೋಟೆ ಪ್ರತಿ ಬದಿಗೂ ಅರ್ಧ ಸೆಂ.ಮೀ.ನಷ್ಟು ದೊಡ್ಡದಿರಲಿ.

ವಿಳಾಸವನ್ನು ಎರಡು ಲಿಪಿಗಳಲ್ಲಿ ಬರೆಯಿಸಬೇಕು. ಕನ್ನಡದಲ್ಲಿ ಮಾತ್ರ ಬರೆದ ಲಕೋಟೆ ಇಲ್ಲಿಯ ಅಂಚೆ ಕಚೇರಿಯಲ್ಲಿ ನಿಲ್ಲಬಹುದು; ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ಮಗುವಿನ ಲಿಪಿಗೆ ಲಕೋಟೆಯ ಮೇಲೆ ಸ್ಥಾನವಿಲ್ಲದಂತಾಗುತ್ತದೆ. ಪಿನ್ ಕೋಡನ್ನು ತಪ್ಪದೆ ಬರೆಯಬೇಕು. ಆರು ಅಂಕಿಗಳ ಈ ವ್ಯವಸ್ಥೆ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ದೇಶದಲ್ಲಿ ಒಂದೇ ಹೆಸರಿನ ಊರುಗಳು ಹಲವು ಇರುವುದರಿಂದಲೂ ವಿಳಾಸಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಬರೆಯುವುದರಿಂದಲೂ ಆಗುತ್ತಿದ್ದ ಗೊಂದಲವನ್ನು ತಪ್ಪಿಸಲು ಇದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ; ಅವರು ಮಹಾರಾಷ್ಟ್ರದವರು, ಸಂಸ್ಕೃತ ಕವಿಯೂ ಹೌದು. ಸೋಲಾಪುರದ ಪಿನ್ 4ರಿಂದ, ವಿಜಯಪುರದ್ದು 5ರಿಂದ ಆರಂಭವಾಗುತ್ತದೆ. ಗಡಿಯನ್ನು ಮಕ್ಕಳು ನಕಾಶೆಯಲ್ಲಿ ನೋಡಿರುತ್ತಾರೆ. ಲಕೋಟೆಯ ಮೇಲೆ ಅದು ಒಂದು ಅಂಕಿಯಷ್ಟೇ.

ಉತ್ತರ ಬಂದರೆ ತರಗತಿಯಲ್ಲಿ ಓದಬೇಕೇ ಎಂಬುದನ್ನು ಮಗುವೇ ನಿರ್ಧರಿಸಲಿ. ಕೆಲವರಿಗೆ ಉತ್ತರ ಬರುವುದಿಲ್ಲ, ಕೆಲವರಿಗೆ ದೂರವಾಣಿಯಲ್ಲಿ ಬರುತ್ತದೆ. ಅದನ್ನೂ ದಿನಾಂಕದೊಡನೆ ಬರೆದಿಡಿಸಬೇಕು.

ಅಂಟುವಹಿ

ಶುಭಾಶಯ ಪತ್ರ ಮನೆಯಿಂದ ಹೊರಗೆ ಹೋಗುತ್ತದೆ. ಅಂಟುವಹಿ ಮನೆಯೊಳಗಿನದನ್ನು ಕೂಡಿಸುತ್ತದೆ. ತುಣುಕುಗಳನ್ನು ಅಂಟಿಸಿಡುವ ಚಟ ದೊಡ್ಡವರಿಗೂ ಇತ್ತು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್, ಪುಟಗಳಿಗೆ ಮೊದಲೇ ಅಂಟು ಬಳಿದ, ಒದ್ದೆ ಮಾಡಿದರೆ ಸಾಕೆನ್ನುವ ಅಂಟುವಹಿಗೆ 1873ರಲ್ಲಿ ಪೇಟೆಂಟ್ ಪಡೆದನು. ಕನ್ನಡ ನಾಡಿನಲ್ಲಿ ಅದಕ್ಕೂ ಹಿಂದಿನಿಂದ ಮಡಿಕೆಯ ವಹಿಯೊಂದು ಬಳಕೆಯಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತ ಅದು. ವರ್ತಕರ ಲೆಕ್ಕಗಳಿಗೂ ದಾಖಲೆಗಳಿಗೂ ಅದನ್ನು ಬಳಸುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾದವು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುವುದು ಅಲ್ಲಿಂದ ಬಂದ ಮಾತು. ಶಾಲೆಯ ಅಂಟುವಹಿಗೆ ಈ ಮಡಿಕೆಯ ಆಕಾರ ಬಹಳ ಹೊಂದುತ್ತದೆ. ಮೂರು ಕಾರ್ಡ್‌ಶೀಟುಗಳನ್ನು ಉದ್ದಕ್ಕೆ ಅಂಟಿಸಿ ಹಿಂದೆ ಮುಂದೆ ಮಡಿಚಿದರೆ ವಹಿ ಸಿದ್ಧ. ಹೊಲಿಗೆ ಬೇಡ; ಗೋಡೆಗೆ ಬಿಡಿಸಿ ನಿಲ್ಲಿಸಿದರೆ ಒಂದೇ ನೋಟಕ್ಕೆ ಇಡೀ ಮನೆಯ ಕಥೆ ಕಾಣುತ್ತದೆ. ಬೆನ್ನು ಹೊಲಿದ ವಹಿಯಾದರೆ ಅಂಟಿಸಿದಷ್ಟೂ ಬಾಯಿ ತೆರೆದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಹೊಲಿಯುವಾಗ ಎರಡು ಹಾಳೆಗಳ ನಡುವೆ ಬೆನ್ನಿನ ಬದಿಗೆ 2 ಸೆಂ.ಮೀ. ಅಗಲದ ಪಟ್ಟಿಗಳನ್ನು ಸೇರಿಸಬೇಕು.

ಪುಟದ ಜೋಡಣೆಗೆ ಹೆಚ್ಚಿನ ನಿಯಮಗಳು ಬೇಡ. ಒಂದು ಪುಟಕ್ಕೆ ಒಂದು ಮುಖ್ಯ ವಸ್ತು. ಉಳಿದವು ಅದಕ್ಕಿಂತ ಚಿಕ್ಕವು. ಎಲ್ಲವನ್ನೂ ಮೊದಲು ಅಂಟಿಲ್ಲದೆ ಇಟ್ಟು, ಸರಿಸಿ ನೋಡಿ, ಟಿಪ್ಪಣಿಗೆ ಪುಟದ ಮೂರನೆಯ ಒಂದು ಭಾಗವಾದರೂ ಖಾಲಿ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಅಂಟಿಸಬೇಕು. ಬರಹಕ್ಕೆ ಸ್ಥಳ ಬಿಡದ ಅಂಟುವಹಿ ಚಿತ್ರಗಳ ರಾಶಿ.

ಟಿಪ್ಪಣಿಯೇ ಇಲ್ಲಿ ನಿಜವಾದ ಭಾಷಾಪಾಠ. 'ಇದು ನಮ್ಮ ಅಜ್ಜಿಯ ಫೋಟೋ' ಎಂದು ಬರೆದರೆ ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳಿದಂತೆ. ಚಿತ್ರದಲ್ಲಿ ಕಾಣುವ ಒಂದು ಸಣ್ಣ ವಿವರ, ಚಿತ್ರದಲ್ಲಿ ಕಾಣದ ಒಂದು ಸಂಗತಿ, ಇವೆರಡನ್ನೂ ಬರೆಯಬೇಕೆಂದು ಕೇಳಬೇಕು. 'ಅಜ್ಜಿಯ ಕೈಯಲ್ಲಿರುವುದು ಬೀಡಿ ಎಲೆ ಕತ್ತರಿಸುವ ಕತ್ತರಿ. ಫೋಟೋ ತೆಗೆಸಲು ಹೋದ ದಿನ ಅರ್ಧ ದಿನದ ಕೂಲಿ ಹೋಯಿತೆಂದು ಅವರು ಈಗಲೂ ಹೇಳುತ್ತಾರೆ.' ಇಂತಹ ಎರಡು ವಾಕ್ಯ ಬರೆಯಲು ಮಗು ಅಜ್ಜಿಯ ಹತ್ತಿರ ಕುಳಿತು ಕೇಳಬೇಕಾಗುತ್ತದೆ. ಅಜ್ಜಿ ಆಡಿದ ಮಾತನ್ನು ಗ್ರಂಥಭಾಷೆಗೆ ತರಬೇಕಾಗುತ್ತದೆ. ಯಾವ ಮಾತನ್ನು ಹಾಗೆಯೇ ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ವಿವೇಕ ಇಲ್ಲಿಂದ ಬೆಳೆಯುತ್ತದೆ. ಕೊನೆಯಲ್ಲಿ ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದೂ ಇರಬೇಕು.

ಒಂದು ಪುಟವನ್ನು ಮನೆಯ ಲಗ್ನಪತ್ರಿಕೆಗಳಿಗೆ ಮೀಸಲಿಡುವುದು ಉಪಯುಕ್ತ. ಲಗ್ನಪತ್ರಿಕೆಗಳನ್ನು ಎಸೆಯದೆ ಟ್ರಂಕಿನಲ್ಲಿಡುವ ಮನೆಗಳು ಹಲವು. ಅಜ್ಜನ ಮದುವೆಯದು, ತಂದೆಯದು, ಈಚೆಗೆ ಆದ ಕಾಕಾನದು ಈ ಮೂರನ್ನು ಸಾಲಾಗಿ ಇಟ್ಟರೆ ಕೆಲವು ಮನೆಗಳಲ್ಲಿ ಮೊದಲನೆಯದು ಕನ್ನಡದಲ್ಲಿ, ಎರಡನೆಯದು ಒಂದು ಬದಿಗೆ ಕನ್ನಡ ಇನ್ನೊಂದು ಬದಿಗೆ ಮರಾಠಿಯಲ್ಲಿ, ಮೂರನೆಯದು ಮರಾಠಿ ಅಥವಾ ಇಂಗ್ಲಿಷಿನಲ್ಲಿ ಇರುವುದು ಕಾಣಬಹುದು. ಬೇರೆ ಮನೆಗಳಲ್ಲಿ ಮೂರೂ ಕನ್ನಡದಲ್ಲಿರಬಹುದು. ಮೂರೂ ಮರಾಠಿಯಲ್ಲಿದ್ದು, ಮೇಲ್ಭಾಗದ ದೇವರ ಹೆಸರು ಮಾತ್ರ ಕನ್ನಡ ನಾಡಿನ ಕುಲದೇವರದಾಗಿರಬಹುದು. ಮಗು ಇದನ್ನು ಗಮನಿಸಿ ಏಕೆ ಹೀಗೆ ಎಂದು ಕೇಳಿದಾಗ ಶಿಕ್ಷಕರು ತೀರ್ಪು ಕೊಡಬಾರದು. ಮನೆಯವರು ಭಾಷೆಯನ್ನು ಮರೆತರು ಎಂಬ ಮಾತನ್ನು ತರಗತಿಯಲ್ಲಿ ಆಡಿದರೆ ಮಗು ಆ ಮಾತನ್ನು ಮನೆಗೆ ಒಯ್ಯುತ್ತದೆ, ವಹಿ ಮರಳಿ ಬರುವುದಿಲ್ಲ. ಹುಡುಗಿಯ ಮನೆಯವರು ಮರಾಠಿ ಭಾಷಿಕರಾಗಿರಬಹುದು. ಊರಿನ ಮುದ್ರಣಾಲಯದಲ್ಲಿ ಕನ್ನಡ ಅಚ್ಚು ದೊರೆಯದೆ ಇದ್ದಿರಬಹುದು. ಆಮಂತ್ರಿತರಲ್ಲಿ ಹೆಚ್ಚಿನವರು ಕನ್ನಡ ಓದಲಾರದವರಿದ್ದಿರಬಹುದು. ಕಾರಣವನ್ನು ಮಗುವೇ ಮನೆಯಲ್ಲಿ ಕೇಳಿ ಟಿಪ್ಪಣಿಯಲ್ಲಿ ಬರೆಯಲಿ. ಆ ಟಿಪ್ಪಣಿಯನ್ನು ಮಗು ಕನ್ನಡದಲ್ಲಿಯೇ ಬರೆದಿರುತ್ತದೆ ಎಂಬುದು ಸಾಕು.

ಮೂಲ ಕಾಗದಗಳನ್ನು ವಹಿಗೆ ಅಂಟಿಸಬಾರದು. ಇದೊಂದರಲ್ಲಿ ಸಡಿಲು ಬಿಡುವಂತಿಲ್ಲ. ಹಳೆಯ ಫೋಟೋ, ಅಂಚೆಕಾರ್ಡು, ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಹೆಸರು, ದಿನಾಂಕ, ಲೆಕ್ಕ ಬರೆದಿರುತ್ತಾರೆ. ಅಂಟಿಸಿದರೆ ಅದು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಝೆರಾಕ್ಸ್ ಪ್ರತಿಯನ್ನು ಅಂಟಿಸಬೇಕು. ಮೂಲವನ್ನೇ ಇಡಬೇಕೆಂದು ಮನೆಯವರು ಬಯಸಿದರೆ ನಾಲ್ಕು ಮೂಲೆಗಳಿಗೆ ಕಾಗದದ ತ್ರಿಕೋನದ ಕಿಸೆಗಳನ್ನು ಮಾಡಿ, ಕಿಸೆಗೆ ಮಾತ್ರ ಅಂಟು ಹಚ್ಚಿ, ಕಾಗದವನ್ನು ಅದರೊಳಗೆ ಸಿಕ್ಕಿಸಬೇಕು. ಸೆಲೋಟೇಪು ಕೆಲವು ವರ್ಷಗಳಲ್ಲಿ ಹಳದಿಗಟ್ಟಿ ಕಾಗದವನ್ನೂ ಕೆಡಿಸುತ್ತದೆ. ಪತ್ರಿಕೆಯ ಕಾಗದವೂ ಬೇಗ ಹಳದಿಯಾಗಿ ಪುಡಿಯಾಗುವುದರಿಂದ ಪತ್ರಿಕೆಯ ತುಣುಕಿಗೂ ಪ್ರತಿಯೇ ಉತ್ತಮ.

ಸಾತಬಾರಾ ಉತಾರೆ, ಖರೀದಿಪತ್ರ, ಆಧಾರ್, ಬ್ಯಾಂಕಿನ ಪುಸ್ತಕ ಇವುಗಳ ಮೂಲವಾಗಲಿ ಪ್ರತಿಯಾಗಲಿ ಶಾಲೆಗೆ ಬರಬಾರದು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿ ವಿಲೀನವಾಗುವುದಕ್ಕಿಂತ ಹಿಂದಿನ ಕಾಗದಗಳು ಕೆಲವು ಮನೆಗಳಲ್ಲಿ ಇರಬಹುದು. ಅವು ಮೋಡಿ ಲಿಪಿಯಲ್ಲಿದ್ದರೆ ಮಗುವಿಗೆ ಕುತೂಹಲ ಹುಟ್ಟುವುದು ಸಹಜ. ಅವನ್ನು ಮನೆಯಲ್ಲಿಯೇ ನೋಡಿ, ನೋಡಿದೆನೆಂದು ವಹಿಯಲ್ಲಿ ಎರಡು ಸಾಲು ಬರೆದರೆ ಸಾಕು.

ತಾಯಿ ಅಥವಾ ತಂದೆ ಇಲ್ಲದ ಮಕ್ಕಳು, ಕಬ್ಬು ಕಡಿಯಲು ಊರೂರು ತಿರುಗುವ ಕುಟುಂಬದ ಮಕ್ಕಳು, ಮನೆಯಲ್ಲಿ ಒಂದು ಫೋಟೋವೂ ಇಲ್ಲದ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಆದುದರಿಂದ ವಿಷಯವನ್ನು 'ನಮ್ಮ ಕುಟುಂಬ' ಎಂದು ಕೊಡದೆ ಐದಾರು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಬೇಕು: ಊರಿನ ಬಾವಿ, ಎಳ್ಳಮಾವಾಸ್ಯೆಯ ದಿನ ಹೊಲದ ಊಟ, ಸಂಕ್ರಾಂತಿಯಲ್ಲಿ ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ನಂದಿಧ್ವಜಗಳು, ಬಸ್ ಟಿಕೇಟುಗಳು, ಬೀಜದ ಚೀಲದ ಚಿತ್ರಗಳು, ಶಾಲೆಯ ಹಳೆಯ ವಿದ್ಯಾರ್ಥಿಗಳು. ನಂದಿಧ್ವಜದಂತಹ ಎತ್ತರದ ವಸ್ತುವಿಗೆ ಮಡಿಕೆಯ ವಹಿಯನ್ನು ಅಡ್ಡಲಾಗಿಡದೆ ನೇರವಾಗಿ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಬಿಡಿಸುವಂತೆ ಮಾಡಬಹುದು.

ಮೌಲ್ಯಮಾಪನದಲ್ಲಿ ಅಂದಕ್ಕೆ ಅಂಕ ಬೇಡ. ಪತ್ರ ತಲುಪಬೇಕಾದವರಿಗೆ ತಕ್ಕಂತೆ ಲಿಪಿ ಮತ್ತು ಮಾತನ್ನು ಆರಿಸಲಾಗಿದೆಯೇ, ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿವೆಯೇ, ಟಿಪ್ಪಣಿಯಲ್ಲಿ ಕೇಳಿ ತಿಳಿದ ಒಂದು ಸಂಗತಿಯಾದರೂ ಇದೆಯೇ ಎಂಬಷ್ಟನ್ನು ನೋಡಿದರೆ ಸಾಕು. ಅಂಟುವಹಿಗಳು ವರ್ಷದ ಕೊನೆಗೆ ಮಕ್ಕಳ ಮನೆಗೆ ಹೋಗಬೇಕು. ಶಾಲೆಗೆ ಬೇಕಾದರೆ ಮನೆಯವರ ಒಪ್ಪಿಗೆ ಪಡೆದು ಒಂದೆರಡು ಪುಟಗಳ ಪ್ರತಿ ಇಟ್ಟುಕೊಳ್ಳಬಹುದು. ಮನೆಯಿಂದ ಬಂದ ಮೂಲ ಕಾಗದಗಳಿಗೆ ಒಂದು ಹಾಜರಿ ವಹಿಯಿದ್ದು, ಬಂದ ದಿನವೇ ಪ್ರತಿ ಮಾಡಿಸಿ, ಸಂಜೆಯೇ ಮರಳಿಸಿ, ಪಾಲಕರ ಸಹಿ ಪಡೆಯಬೇಕು.